ಮೊದಲು ದಾರಿ, ಆಮೇಲೆ ಮನೆ

ರವಿವಾರ ಬೆಳಿಗ್ಗೆ ನಮ್ಮ ವಾಚನಾಲಯದ ಮೇಜಿನ ಸುತ್ತ ಪತ್ರಿಕೆ ಓದಿ ಮುಗಿದ ಮೇಲೆ ಬರುವ ಮಾತುಗಳಲ್ಲಿ ಒಂದು ಮಾತು ಈಚೆಗೆ ಪದೇ ಪದೇ ಕೇಳಿಬರುತ್ತಿದೆ. "ಜೇಜುರಿಯ ಕಡೆ ಒಂದು ತುಂಡು ನೆಲ ಕೊಂಡು, ಎರಡು ಕೋಣೆಯ ಮನೆ ಕಟ್ಟಿಕೊಂಡರೆ ಹೇಗೆ?" ಎಂಬುದೇ ಆ ಮಾತು. ಕಾರಖಾನೆಯಲ್ಲಿ ದುಡಿಯುವವರೂ ಕಚೇರಿಯ ಕಾರಕೂನರೂ ಬಾಡಿಗೆಯ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದ ಮೇಲೆ ಹೀಗೆ ಆಸೆಪಡುವುದು ಸಹಜವೇ ಆಗಿದೆ. ಅದರಲ್ಲಿಯೂ ಜೇಜುರಿ ನಮ್ಮವರಿಗೆ ಪರಸ್ಥಳವಲ್ಲ. ಹೂವಿನಹಡಗಲಿಯ ಹತ್ತಿರದ ಮೈಲಾರದಲ್ಲಿ ನಾವು ಕೈಮುಗಿಯುವ ದೇವರೇ ಇಲ್ಲಿ ಖಂಡೋಬಾ. ಅಲ್ಲಿ ಹಣೆಗೆ ಹಚ್ಚುವ ಭಂಡಾರವೇ ಇಲ್ಲಿ ಮೆಟ್ಟಿಲುಗಳನ್ನೆಲ್ಲ ಹಳದಿ ಮಾಡಿದೆ. ಪುಣೆಯಿಂದ ದಿವೇ ಘಾಟು ಹತ್ತಿ ಸಾಸವಡ ದಾಟಿದರೆ ಐವತ್ತು ಕಿಲೋಮೀಟರಿನೊಳಗೆ ಊರು. ಮಿರಜಿನ ಕಡೆಗೆ ಹೋಗುವ ರೈಲೂ ಅಲ್ಲಿಯೇ ಹಾದುಹೋಗುತ್ತದೆ.

ಆದರೆ ಕೊಳ್ಳುವವರು ನೀರು ಕೇಳುತ್ತಾರೆ, ವಿದ್ಯುತ್ತು ಕೇಳುತ್ತಾರೆ, ಗುಂಟೆಗೆ ಎಷ್ಟು ಎಂದು ಕೇಳುತ್ತಾರೆ. ಕಲ್ಲು ತುಂಬಿದ ಲಾರಿ ಅಲ್ಲಿಯ ತನಕ ಹೇಗೆ ಬರಬೇಕು ಎಂದು ಕೇಳುವವರು ಕಡಿಮೆ. ಈ ಲೇಖನದಲ್ಲಿ ಅದೊಂದನ್ನೇ ಹೇಳಬೇಕೆಂದಿದ್ದೇವೆ.

ನಮಗಾದ ಅನುಭವ

ಕೆಲವು ವರ್ಷಗಳ ಹಿಂದೆ ನಮ್ಮ ಮಿತ್ರರೊಬ್ಬರು ಜೇಜುರಿಯ ಸಮೀಪದ ಒಂದು ಹಳ್ಳಿಯಲ್ಲಿ ಹೊಲ ಕೊಂಡರು. ಅವರು ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನವರು. ಮನೆತನದ ಒಕ್ಕಲುತನ ಇರುವವರು. ಹೊಲದಲ್ಲಿ ಎರಡು ಕೋಣೆ ಏಳಿಸಲು ನಾವು ಐದಾರು ಮಂದಿ ಕೈಗೂಡಿಸಿದೆವು. ಹಳ್ಳಿಯ ರಸ್ತೆಯಿಂದ ಹೊಲಕ್ಕೆ ಇನ್ನೂರು ಅಡಿ. ನಡುವೆ ಮತ್ತೊಬ್ಬ ರೈತರ ಉಳ್ಳಾಗಡ್ಡಿಯ ಹೊಲ, ಬದುವಿನ ಮೇಲೆ ನಾಲ್ಕು ಸೀತಾಫಲದ ಗಿಡ. ಮಾರಿಸಿದ ದಲಾಲಿ ಕೈ ನೀಡಿ ಒಂದು ಕಾಲುದಾರಿ ತೋರಿಸಿ, "ಎಲ್ಲರೂ ಹೋಗುವುದು ಇಲ್ಲಿಂದಲೇ" ಎಂದಿದ್ದ. ಅದು ಸುಳ್ಳೂ ಅಲ್ಲ; ಎಲ್ಲರೂ ಅಲ್ಲಿಂದಲೇ ನಡೆದು ಹೋಗುತ್ತಿದ್ದರು.

ಇಟ್ಟಿಗೆಯ ಲಾರಿ ಬಂದ ದಿನ ಆ ರೈತರು ಬದುವಿನ ಮೇಲೆ ಬಂದು ನಿಂತರು. ನಡೆದು ಹೋಗುವುದಕ್ಕೆ ತಮ್ಮ ಅಡ್ಡಿಯಿಲ್ಲ, ಗಾಲಿ ಮಾತ್ರ ಹಾಯಕೂಡದು ಎಂದರು. ಲಾರಿಯವನು ರಸ್ತೆಯ ಬದಿಗೇ ಎಲ್ಲವನ್ನೂ ಸುರಿದು ಹೋದ. ಎರಡು ರವಿವಾರ ನಾವು ಇಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತೆವು. ಮೂರನೆಯ ವಾರ ಹಿಂಗಾರಿನ ಮಳೆ ರಾತ್ರಿ ಬಂದು ತಾಡಪತ್ರಿಯನ್ನು ಹಾರಿಸಿತು. ಮೂವತ್ತು ಚೀಲ ಸಿಮೆಂಟಿನಲ್ಲಿ ಹನ್ನೆರಡು ಚೀಲ ಕಲ್ಲಾದವು. ಮಿತ್ರರು ಸಿಟ್ಟಾಗಿ ವಕೀಲರ ಮಾತೆತ್ತಿದರು. ಕಾಯದೆ ತೆಗೆದು ನೋಡಿದಾಗ ತಪ್ಪು ನಮ್ಮದೇ ಎಂದು ಗೊತ್ತಾಯಿತು.

ಕಾಗದದ ಮೇಲಿನ ದಾರಿ

ಕಣ್ಣಿಗೆ ಕಾಣುವ ದಾರಿಯೆಲ್ಲ ಹಕ್ಕಿನ ದಾರಿಯಲ್ಲ. 1882ರ ಸುಖಾಧಿಕಾರ ಕಾಯದೆಯ ಪ್ರಕಾರ, ಇಪ್ಪತ್ತು ವರ್ಷ ಎಡೆಬಿಡದೆ, ಬಹಿರಂಗವಾಗಿ, ಹಕ್ಕಿನಿಂದ ಬಳಸಿದ ದಾರಿಗೆ ಮಾತ್ರ ರೂಢಿಯಿಂದ ಹಕ್ಕು ಹುಟ್ಟುತ್ತದೆ. ಒಡೆಯನು ದಾಕ್ಷಿಣ್ಯಕ್ಕೆ ಬಿಟ್ಟ ದಾರಿ ಎಷ್ಟು ವರ್ಷವಾದರೂ ದಾಕ್ಷಿಣ್ಯದ್ದೇ ಸರಿ. ಒಂದೇ ಹೊಲ ಎರಡಾಗಿ, ಹಿಂದಿನ ತುಂಡಿಗೆ ಬೇರೆ ದಾರಿಯೇ ಇಲ್ಲದಾದರೆ ಅಗತ್ಯದ ದಾರಿ ಕೇಳಬಹುದು. ಅದೂ ಅಗತ್ಯವಿದ್ದಷ್ಟೇ ಹೊರತು ಅನುಕೂಲವಿದ್ದಷ್ಟಲ್ಲ.

1966ರ ಮಹಾರಾಷ್ಟ್ರ ಜಮೀನು ಮಹಸೂಲು ಸಂಹಿತೆಯ 143ನೆಯ ಕಲಮಿನಂತೆ, ಒಂದು ಹೊಲದವನು ಬೇರೆಯವರ ಹೊಲದ ಮೇರೆಯ ಮೇಲೆ ದಾರಿ ಕೇಳಿದರೆ ತಹಸೀಲ್ದಾರರು ವಿಚಾರಿಸಿ ತೀರ್ಮಾನ ಕೊಡುತ್ತಾರೆ. ಒಪ್ಪಿಗೆಯಾಗದವರು ಒಂದು ವರ್ಷದೊಳಗೆ ದಿವಾಣಿ ದಾವೆ ಹೂಡಬಹುದು. ಆದರೆ ಈ ಕಲಮು ಉಳುಮೆಗಾರನು ತನ್ನ ಹೊಲ ಸೇರುವುದಕ್ಕಾಗಿ ಇದೆ. ರಜೆಯ ದಿನ ಮೋಟಾರಿನಲ್ಲಿ ಬರುವವರ ಸೊಗಸಿಗಾಗಿ ಅಲ್ಲ. ಮೊದಲೇ ಇದ್ದ ರೂಢಿಯ ದಾರಿಯನ್ನು ಯಾರಾದರೂ ಹೊಸದಾಗಿ ಮುಚ್ಚಿದರೆ 1906ರ ಮಾಮಲೇದಾರ ಕೋರ್ಟುಗಳ ಕಾಯದೆ ಉಂಟು. ಅರ್ಜಿಯನ್ನು ಆರು ತಿಂಗಳೊಳಗೆ ಕೊಡತಕ್ಕದ್ದು.

ಆದ್ದರಿಂದ ಬಯಾನೆಯ ಹಣ ಕೊಡುವ ಮೊದಲೇ ನೋಡಬೇಕಾದ ಕಾಗದಗಳು ಇವು. ಸಾತ-ಬಾರಾ ಉತಾರ, ಅಂದರೆ ನಮ್ಮ ಕಡೆಯ ಪಹಣಿ. ಅದರ 'ಇತರ ಹಕ್ಕು' ಎಂಬ ಕಾಲಮಿನಲ್ಲಿ ದಾರಿಯ ನೋಂದಣಿ ಇದೆಯೇ ನೋಡಬೇಕು. ನಮ್ಮ ಹೊಲದ ಉತಾರ ಸಾಲದು; ದಾರಿ ಯಾರ ಹೊಲದಲ್ಲಿ ಹಾಯುತ್ತದೆಯೋ ಅವರದೂ ಬೇಕು. ಎರಡನೆಯದು ಗ್ರಾಮದ ನಕಾಶೆ. ಅದರಲ್ಲಿ ಕಾಲುದಾರಿಗೆ ಒಂದು ಗುರುತು, ಬಂಡಿದಾರಿಗೆ ಬೇರೊಂದು ಗುರುತು ಇರುತ್ತದೆ. ಯಾವುದು ಯಾವುದೆಂದು ತಲಾಠಿಯವರಿಂದ ತಿಳಿದುಕೊಳ್ಳಬೇಕು. ಮೂರನೆಯದು ಸರಕಾರಿ ಮೋಜಣಿಯ ನಕಲು. ಮಹಾರಾಷ್ಟ್ರ ಸರಕಾರವು 2025ರ ಮೇ ತಿಂಗಳಲ್ಲಿ ಹೊರಡಿಸಿದ ನಿರ್ಣಯದಲ್ಲಿ ಹೊಲದ ದಾರಿ ಮೂರರಿಂದ ನಾಲ್ಕು ಮೀಟರು ಅಗಲವಿರಬೇಕೆಂದೂ ಅದನ್ನು ಉತಾರದ ಇತರ ಹಕ್ಕಿನಲ್ಲಿ ದಾಖಲಿಸಬೇಕೆಂದೂ ಹೇಳಿದೆ. ಅರ್ಜಿ ಕೊಡುವವರು ಇದನ್ನು ನೆನಪಿಡಬೇಕು.

ಇನ್ನೆರಡು ಎಚ್ಚರಿಕೆಗಳು. ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ ಒಕ್ಕಲಿಗರಲ್ಲದವರೂ ಹೊಲ ಕೊಳ್ಳಬಹುದಾಯಿತು. ಇದನ್ನು ಕೇಳಿದವರು ಇಲ್ಲಿಯೂ ಹಾಗೆಯೇ ಎಂದು ತಿಳಿಯುತ್ತಾರೆ. ಇಲ್ಲಿ 1948ರ ಕೂಳ ಕಾಯದೆಯ 63ನೆಯ ಕಲಮು ಇನ್ನೂ ಇದೆ. ಶೇತಕರಿಯಲ್ಲದವನು ಕಲೆಕ್ಟರರ ಅನುಮತಿಯಿಲ್ಲದೆ ಕೃಷಿಭೂಮಿ ಕೊಳ್ಳಲಾಗದು. ಹಾಗೆಯೇ ಐದು-ಹತ್ತು ಗುಂಟೆಯ ತುಂಡುಗಳನ್ನು ತೋರಿಸುವ ಜಾಹೀರಾತುಗಳನ್ನು ನಂಬುವ ಮೊದಲು 1947ರ ತುಕಡೆಬಂದಿ ಕಾಯದೆಯನ್ನು ಕುರಿತು ವಿಚಾರಿಸಬೇಕು. ನೆಲವು ಹೆದ್ದಾರಿಗೆ ತಾಗಿಯೇ ಇದ್ದರೂ ನಿಶ್ಚಿಂತೆಯಿಲ್ಲ. ಜೇಜುರಿಯ ಮೇಲೆ ಹೋಗುವ ಜ್ಞಾನೇಶ್ವರ ಪಾಲಖಿ ಮಾರ್ಗವು 965ನೆಯ ರಾಷ್ಟ್ರೀಯ ಹೆದ್ದಾರಿ. 2002ರ ಕಾಯದೆಯಂತೆ ಹೆದ್ದಾರಿ ಆಡಳಿತದ ಅನುಮತಿಯಿಲ್ಲದೆ ಅದಕ್ಕೆ ಖಾಸಗಿ ದಾರಿ ಕೂಡಿಸಕೂಡದು.

ನೆರೆಯವರ ಕಟ್ಟೆಯ ಮೇಲೆ

ನಮ್ಮ ಮಿತ್ರರಿಗೆ ಹಕ್ಕಿನ ದಾರಿ ಇರಲಿಲ್ಲ. ಹಾಗಾಗಿ ವಕೀಲರನ್ನು ಬಿಟ್ಟು ರೈತರ ಮನೆಯ ಕಟ್ಟೆಗೆ ಹೋದೆವು. ಮೂರು ಸಲ ಹೋಗಬೇಕಾಯಿತು. ಮೊದಲ ಸಲ ಚಹ ಕೊಟ್ಟರು, ಮಾತು ಕೊಡಲಿಲ್ಲ. ಎರಡನೆಯ ಸಲ ನಾವು ಮಾತಾಡುವುದನ್ನು ನಿಲ್ಲಿಸಿ, "ಕಾಕಾ, ನಿಮ್ಮ ಅಂಜಿಕೆ ಏನು ಹೇಳಿ" ಎಂದು ನಮ್ಮ ಮುರುಕು ಮರಾಠಿಯಲ್ಲಿ ಕೇಳಿದೆವು. ಆಗ ಹೇಳಿದರು. ದಾರಿ ಓರೆಯಾಗಿ ಹಾಯ್ದರೆ ಹೊಲ ಎರಡು ಹೋಳಾಗುತ್ತದೆ. ಬದು ಒಡೆದರೆ ಮೇಲಿನ ನೀರೆಲ್ಲ ಉಳ್ಳಾಗಡ್ಡಿಯ ಮಡಿಗೆ ನುಗ್ಗುತ್ತದೆ. ಇಂದು ಒಂದು ಮನೆಯೆಂದು ಬಂದವರು ನಾಳೆ ಇಪ್ಪತ್ತು ಪ್ಲಾಟು ಮಾಡಿ ಮಾರುತ್ತಾರೆ. ಮೂರೂ ನ್ಯಾಯವಾದ ಮಾತೇ ಆಗಿದ್ದವು.

ಮೂರನೆಯ ಸಲ ನಕಾಶೆ ಹಿಡಿದು ಹೋದೆವು. ದಾರಿ ಬದುವಿನ ಒತ್ತಿಗೇ ಹೋಗುವುದು. ಸೀತಾಫಲದ ಗಿಡ ಕಡಿಯದಿರುವುದು. ನೀರನ್ನು ಅವರ ಹೊಲಕ್ಕೆ ಬಿಡದಿರುವುದು. ಅವರ ಟ್ರಾಕ್ಟರೂ ಅದೇ ದಾರಿಯಲ್ಲಿ ಹಾಯುವುದು. ಈ ಕರಾರಿಗೆ ಒಪ್ಪಿದರು. ಇನ್ನೂರು ಅಡಿ ಉದ್ದ, ಹತ್ತು ಅಡಿ ಅಗಲವೆಂದರೆ ಎರಡು ಸಾವಿರ ಚದರಡಿ. ಗುಂಟೆಗೆ 1,089 ಚದರಡಿಯಂತೆ ಅದು ಎರಡು ಗುಂಟೆಗೆ ತುಸು ಕಡಿಮೆ. ನೆಲ ಅವರದಾಗಿಯೇ ಉಳಿಯಿತು. ಹಾಯುವ ಹಕ್ಕಿಗೆ ಮಾತ್ರ ಹಣ ಸಂದಿತು.

ಇಂಥ ಕರಾರನ್ನು ಬರಿಯ ಸ್ಟಾಂಪು ಕಾಗದದ ಮೇಲೆ ಬರೆದಿಡುವುದು ಸಾಲದು. ನೂರು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು 1908ರ ನೋಂದಣಿ ಕಾಯದೆಯಂತೆ ರಜಿಸ್ಟರು ಮಾಡಿಸಲೇಬೇಕು. ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಯಾವ ವಾಹನ, ದುರಸ್ತಿಯ ಖರ್ಚು ಯಾರದು, ನೀರಿನ ಮತ್ತು ವಿದ್ಯುತ್ತಿನ ಪೈಪು ತಂತಿಗಳು ಹಾಯಬಹುದೇ, ಎರಡೂ ಕಡೆಯ ವಾರಸುದಾರರು ಬದ್ಧರೇ ಎಂಬುದೆಲ್ಲ ಅದರಲ್ಲಿ ಇರಬೇಕು. ಅನಂತರ ತಲಾಠಿಯವರಲ್ಲಿ ಫೇರಫಾರ ಮಾಡಿಸಿ ಇತರ ಹಕ್ಕಿನಲ್ಲಿ ಬರೆಸಬೇಕು. ಕಾಕಾನ ಮಾತು ಸಾಕಲ್ಲವೇ ಎಂದು ನಮ್ಮಲ್ಲೊಬ್ಬರು ಕೇಳಿದರು. ಕಾಕಾನೇ ನಕ್ಕು, ಮಾತು ತನ್ನ ಸಂಗಡ ಹೋಗುತ್ತದೆ, ಕಾಗದ ಮಕ್ಕಳ ಸಂಗಡ ಉಳಿಯುತ್ತದೆ ಎಂದರು.

ನೆಲದ ಮೇಲಿನ ದಾರಿ

ಇನ್ನು ಕಟ್ಟುವ ಮಾತು. ಆ ಸೀಮೆ ಕಪ್ಪುಗಲ್ಲಿನ ಸೀಮೆ. ದಿಬ್ಬದ ಮೇಲೆ ಕಲ್ಲು ಕರಗಿದ ಗರಸು ಸಿಗುತ್ತದೆ. ಅದನ್ನೇ ಮರಾಠಿಯಲ್ಲಿ ಮುರೂಮ್ ಎನ್ನುತ್ತಾರೆ. ತಗ್ಗಿನಲ್ಲಿ ಎರೆಮಣ್ಣು. ಗರಸಿನ ನೆಲವಾದರೆ ಅರ್ಧ ಕೆಲಸ ದೇವರೇ ಮಾಡಿಟ್ಟಂತೆ. ಎರೆಯಾದರೆ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆಯೇ ಗರಸು ಚೆಲ್ಲಿದರೆ ಮೊದಲ ಮಳೆಗೆ ಗಾಲಿಯ ಕೆಳಗೆ ಗರಸು ಮಣ್ಣಿನೊಳಗೆ ಇಳಿದುಹೋಗುತ್ತದೆ. ನಾವು ಮೊದಲ ಸಲ ಮಾಡಿದ್ದು ಹಾಗೆಯೇ.

ಎರಡನೆಯ ಸಲ ಹೀಗೆ ಮಾಡಿದೆವು. ಮೇಲಿನ ಮಣ್ಣನ್ನು ಒಂದು ಅಡಿಗಿಂತ ಹೆಚ್ಚು ತೆಗೆದು ಕಾಕಾನ ಹೊಲಕ್ಕೇ ಹರಡಿದೆವು. ತಳದಲ್ಲಿ ಎಂಟು ಅಂಗುಲ ಒರಟು ಕಲ್ಲನ್ನು ಕೈಯಿಂದ ಒತ್ತೊತ್ತಾಗಿ ಜೋಡಿಸಿ ಸಂದುಗಳಿಗೆ ಚಿಪ್ಪುಗಲ್ಲು ತುಂಬಿದೆವು. ಮೇಸ್ತ್ರಿಗಳು ಇದನ್ನು ಸೋಲಿಂಗ್ ಎನ್ನುತ್ತಾರೆ. ಅದರ ಮೇಲೆ ಗಟ್ಟಿ ಗರಸನ್ನು ಎರಡು ಪದರಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು ರೋಲರ್ ಓಡಿಸಿ, ಕೂತ ಮೇಲೆ ಆರು ಅಂಗುಲ ಉಳಿಯುವಂತೆ ಮಾಡಿದೆವು. ಒಂದೇ ಸಲಕ್ಕೆ ದಪ್ಪವಾಗಿ ಹಾಕಿದರೆ ಮೇಲ್ಭಾಗ ಮಾತ್ರ ಗಟ್ಟಿಯಾಗುತ್ತದೆ.

ಲೆಕ್ಕ ಸುಲಭ. ಇಲ್ಲಿ ಕಲ್ಲು ಗರಸುಗಳನ್ನು ಅಳೆಯುವುದು ಬ್ರಾಸಿನಿಂದ. ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ಇನ್ನೂರು ಅಡಿ ಉದ್ದ, ಹತ್ತು ಅಡಿ ಅಗಲಕ್ಕೆ ಎಂಟು ಅಂಗುಲ ಕಲ್ಲೆಂದರೆ ಹದಿಮೂರು ಬ್ರಾಸಿಗೆ ಸ್ವಲ್ಪ ಹೆಚ್ಚು. ಆರು ಅಂಗುಲ ಗರಸು ಹತ್ತು ಬ್ರಾಸ್ ಆಗುತ್ತದೆ; ರೋಲರಿನ ಕೆಳಗೆ ಅದು ಕುಗ್ಗುವುದರಿಂದ ಕಾಲು ಭಾಗ ಹೆಚ್ಚು, ಅಂದರೆ ಹನ್ನೆರಡೂವರೆ ಬ್ರಾಸ್ ತರಿಸಬೇಕು. ಕೊಳ್ಳುವಾಗ ಸಾಗಾಣಿಕೆಯ ಪಾಸು ಕೇಳಿ ಇಟ್ಟುಕೊಳ್ಳಿರಿ. ಗರಸು ಸಹ ಗೌಣ ಖನಿಜವೇ. ಪರವಾನಿಗೆಯಿಲ್ಲದೆ ಅಗೆದರೆ ಬೆಲೆಯ ಐದು ಪಟ್ಟಿನವರೆಗೆ ದಂಡವಿದೆ.

ಏರು ಇಪ್ಪತ್ತು ಅಡಿಗೆ ಒಂದು ಅಡಿ ಇದ್ದರೆ ಲಾರಿ ಸುಖವಾಗಿ ಹತ್ತುತ್ತದೆ. ಹತ್ತಕ್ಕೆ ಒಂದಕ್ಕಿಂತ ಕಡಿದಾಗಬಾರದು. ಮೇಸ್ತ್ರಿಯ ನೀರುಮಟ್ಟದ ಪೈಪಿನಿಂದಲೇ ಇದನ್ನು ಅಳೆಯಬಹುದು. ರಸ್ತೆಗೆ ಕೂಡುವ ಬಾಯಿಯಲ್ಲಿ ಅಗಲ ಇಪ್ಪತ್ತು ಅಡಿ ಇರಲಿ, ಇಲ್ಲವಾದರೆ ಲಾರಿ ತಿರುಗುವಾಗ ನೆರೆಯವರ ಬದುವೇ ಮುರಿಯುತ್ತದೆ.

ನೀರಿನ ದಾರಿ

ದಾರಿಯನ್ನು ಕೆಡಿಸುವುದು ಗಾಲಿಗಿಂತ ಹೆಚ್ಚಾಗಿ ನೀರು. ಜೇಜುರಿಯದು ಸಹ್ಯಾದ್ರಿಯ ಮಳೆಯ ನೆರಳಿನ ಸೀಮೆ. ಮಳೆ ಕಡಿಮೆ, ಆದರೆ ಬಂದಾಗ ಒಂದೇ ತಾಸಿನಲ್ಲಿ ಬಂದು ಹೋಗುತ್ತದೆ. ಆದ್ದರಿಂದ ದಾರಿಯ ನಡುಬೆನ್ನು ಅಂಚಿಗಿಂತ ಎರಡೂವರೆ ಅಂಗುಲ ಎತ್ತರವಿರಬೇಕು. ಮೇಲ್ಮಗ್ಗುಲಿಗೆ ಗಟಾರು ತೋಡಿ, ಅದು ಸೇರುವ ಹಳ್ಳವನ್ನು ಮೊದಲೇ ಗೊತ್ತುಮಾಡಬೇಕು. ನೀರು ದಾರಿಯನ್ನು ಅಡ್ಡ ಹಾಯುವಲ್ಲಿ ಸಿಮೆಂಟಿನ ಹ್ಯೂಮ್ ಪೈಪು ಹೂಳಬೇಕು. ಒಂದು ಅಡಿಯ ಪೈಪು ಕಸದಿಂದ ಬೇಗ ಕಟ್ಟಿಕೊಳ್ಳುತ್ತದೆ. ಒಂದೂವರೆ ಅಡಿಯದಾದರೆ ಕೋಲು ಹಾಕಿ ತೆಗೆಯಬಹುದು. ಪೈಪಿನ ಮೇಲೆ ಎರಡು ಅಡಿಯಷ್ಟು ಮಣ್ಣು ಗರಸು ಇದ್ದರೆ ಲಾರಿಯ ಭಾರಕ್ಕೆ ಒಡೆಯುವುದಿಲ್ಲ. ಎರಡೂ ಬಾಯಿಗೆ ಕಲ್ಲು ಕಟ್ಟಿರಿ, ಇಲ್ಲದಿದ್ದರೆ ಹೊರಬೀಳುವ ನೀರು ಬುಡವನ್ನೇ ಕೊರೆಯುತ್ತದೆ.

ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿಯ ಮುಂದಿನ ಎರಡು ತಿಂಗಳು. ನೆಲದಲ್ಲಿ ಹಸಿ ಇರುತ್ತದೆ, ಬಾವಿಯಲ್ಲಿ ನೀರೂ ಇರುತ್ತದೆ. ಏಪ್ರಿಲಿನಲ್ಲಿ ಆ ಊರುಗಳಿಗೆ ಕುಡಿಯುವ ನೀರಿನದೇ ಚಿಂತೆ. ಸೋಮವತಿ ಅಮಾವಾಸ್ಯೆ ಮತ್ತು ಚಂಪಾಷಷ್ಠಿಯ ದಿನಗಳಲ್ಲಿ ಲಾರಿ ಹೇಳಬೇಡಿರಿ. ಭಕ್ತರ ಸಂದಣಿಯಲ್ಲಿ ಅದು ಸಾಸವಡದಿಂದ ಮುಂದೆ ಬಾರದು.

ಮನೆಯ ಪರವಾನಿಗೆ ಬೇರೆಯೇ ವಿಷಯ, ಅದನ್ನು ಇನ್ನೊಮ್ಮೆ ನೋಡೋಣ. ನೆಲ ಕೊಳ್ಳಬೇಕೆಂದಿರುವ ಬಂಧುಗಳು ಉತಾರ ನಕಾಶೆಗಳನ್ನು ರವಿವಾರ ವಾಚನಾಲಯಕ್ಕೆ ತಂದರೆ, ಮರಾಠಿ ಬಲ್ಲವರು ಕೂಡಿ ಓದಿ ಹೇಳುತ್ತೇವೆ. ಅದಕ್ಕೆ ವರ್ಗಣಿ ಇಲ್ಲ. ನಮ್ಮ ಮಿತ್ರರ ಮನೆ ಈಗ ಮುಗಿದಿದೆ. ಕಳೆದ ಸುಗ್ಗಿಯಲ್ಲಿ ಆ ದಾರಿಯ ಮೇಲೆ ನಾವು ಹೋದದ್ದಕ್ಕಿಂತ ಹೆಚ್ಚು ಸಲ ಕಾಕಾನ ಉಳ್ಳಾಗಡ್ಡಿಯ ಟ್ರಾಕ್ಟರು ಹೋಯಿತು. ಗಟಾರಿನ ಕಸವನ್ನು ಸಹ ಮಳೆಗಾಲದ ಮುಂಚೆ ಅವರೇ ತೆಗೆಸಿದ್ದರು.