ಗರ್ಭಪಾತ, ಭ್ರೂಣಹತ್ಯೆ: ಶಬ್ದಾರ್ಥವೂ ಶಾಸನಾರ್ಥವೂ

ಗರ್ಭಸ್ರಾವ, ಗರ್ಭಪಾತ, ಭ್ರೂಣಹತ್ಯೆ ಎಂಬ ಮೂರು ಶಬ್ದಗಳು ಈ ಕಾಲದ ಕನ್ನಡದಲ್ಲಿ ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲುವಷ್ಟರಮಟ್ಟಿಗೆ ಬೆರೆತುಹೋಗಿವೆ. ಅನುಮತಿಯಿಲ್ಲದ ವೈದ್ಯಾಲಯದ ಮೇಲೆ ದಾಳಿ ನಡೆದ ವಾರ್ತೆಯು ಬಂದಾಗ ಈ ಮೂರೂ ಪರ್ಯಾಯಪದಗಳಂತೆ ಒಂದೇ ಬರೆಹದಲ್ಲಿ ಪ್ರಯೋಗವಾಗುವುದುಂಟು. ಇದು ಕೋಶಕಾರರಿಗೂ ಉಪಾಧ್ಯಾಯರಿಗೂ ಮಾತ್ರ ಸಂಬಂಧಿಸಿದ ಅಲ್ಪದೋಷವೆಂದು ಮೊದಲು ತೋರಬಹುದು. ವಸ್ತುತಃ ಹಾಗಲ್ಲ. ಶಾಸನಸಮ್ಮತವಾದ ಚಿಕಿತ್ಸೆಯನ್ನೇ ಅಪರಾಧವೆಂದು ಬಗೆದ ಸ್ತ್ರೀಯು ಆಸ್ಪತ್ರೆಯ ಬಾಗಿಲಿಗೆ ಹೋಗಲು ಅಂಜುವಳು. ಅಂಜಿದವಳು ಗುಟ್ಟಾಗಿ ಚಿಕಿತ್ಸೆ ಮಾಡುವವನನ್ನು ಅರಸುವಳು. ಆದುದರಿಂದ ಈ ಶಬ್ದಗಳ ಅರ್ಥವನ್ನು ಮೊದಲು ನಿರ್ಣಯಿಸಿಕೊಂಡು, ಬಳಿಕ ಅವುಗಳಿಗೆ ಸಂಬಂಧಿಸಿದ ಶಾಸನಗಳನ್ನೂ ವೈದ್ಯಾಲಯಗಳ ನಿಯಮಗಳನ್ನೂ ವಿಚಾರಿಸುವುದು ಉಚಿತವಾಗಿದೆ.

೧

ಸ್ರಾವವೆಂದರೆ ಹರಿಯುವುದು, ಪಾತವೆಂದರೆ ಬೀಳುವುದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ನಾಲ್ಕನೆಯ ತಿಂಗಳವರೆಗೆ ಗರ್ಭವು ನಷ್ಟವಾದರೆ ಸ್ರಾವವೆಂದೂ, ಶರೀರವು ಗಟ್ಟಿಗೊಂಡ ಬಳಿಕ ಐದು ಆರನೆಯ ತಿಂಗಳುಗಳಲ್ಲಿ ನಷ್ಟವಾದರೆ ಪಾತವೆಂದೂ ಭೇದವು ಹೇಳಲ್ಪಟ್ಟಿದೆ. ಈ ಭೇದವು ಕಾಲವನ್ನು ಅನುಸರಿಸಿದುದೇ ಹೊರತು ಕರ್ತೃವನ್ನು ಅನುಸರಿಸಿದುದಲ್ಲ. ಎರಡೂ ತಾವಾಗಿ ಸಂಭವಿಸುವ ವ್ಯಾಪತ್ತುಗಳು. ಒಬ್ಬನು ಬೇಕೆಂದು ಗರ್ಭವನ್ನು ಬೀಳಿಸಿದರೆ ಅದಕ್ಕೆ ಪ್ರೇರಣಾರ್ಥಕವಾದ ಪಾತನವೆಂಬ ರೂಪವೇ ಯುಕ್ತವಾದುದು. ಕೌಟಿಲ್ಯನು ದಂಡವನ್ನು ವಿಧಿಸುವಾಗ ಇಂತಹ ಪ್ರೇರಣಾರ್ಥಕ ರೂಪವನ್ನೇ ಬಳಸಿ, ಹೊಡೆತದಿಂದ ಬೀಳಿಸಿದವನಿಗೆ ಉತ್ತಮದಂಡವನ್ನೂ, ಔಷಧದಿಂದ ಬೀಳಿಸಿದವನಿಗೆ ಮಧ್ಯಮದಂಡವನ್ನೂ ಹೇಳಿರುವನು. ಕನ್ನಡದಲ್ಲಿ ಪಾತನವು ರೂಢಿಗೆ ಬರಲಿಲ್ಲ. ತಾನಾಗಿ ಬಿದ್ದುದಕ್ಕೂ ಬೀಳಿಸಿದುದಕ್ಕೂ ಗರ್ಭಪಾತವೆಂಬ ಒಂದೇ ಮಾತು ನಿಂತಿತು. ಹಳ್ಳಿಗಳ ಆಡುನುಡಿಯಾದರೋ ಈ ವಿಷಯದಲ್ಲಿ ಪುಸ್ತಕದ ಭಾಷೆಗಿಂತ ಸ್ಪಷ್ಟವಾಗಿದೆ. ಗರ್ಭ ನಿಲ್ಲಲಿಲ್ಲ ಎಂದರೆ ಒಂದು, ತೆಗೆಸಿಕೊಂಡಳು ಎಂದರೆ ಮತ್ತೊಂದು. ಇವೆರಡನ್ನು ಯಾವ ಹೆಂಗಸೂ ಬೆರೆಸುವುದಿಲ್ಲ.

ಭ್ರೂಣಹತ್ಯೆಯ ಚರಿತ್ರೆಯು ಇದಕ್ಕಿಂತಲೂ ವಿಚಿತ್ರವಾದುದು. ಧರ್ಮಸೂತ್ರಗಳಲ್ಲಿ ಭ್ರೂಣಹನೆಂಬ ಪದವು ಬ್ರಾಹ್ಮಣನನ್ನು ಕೊಂದವನಿಗೂ ಅವಿಜ್ಞಾತಗರ್ಭವನ್ನು ಕೊಂದವನಿಗೂ ಅನ್ವಯಿಸುವುದೆಂದು ವಸಿಷ್ಠನ ಮತ. ಮನುವೂ ಅವಿಜ್ಞಾತಗರ್ಭವನ್ನು ಕೊಂದವನಿಗೆ ಬ್ರಹ್ಮಹತ್ಯೆಯ ಪ್ರಾಯಶ್ಚಿತ್ತವನ್ನೇ ವಿಧಿಸುವನು. ಅವಿಜ್ಞಾತವೆಂದರೆ ಗಂಡೋ ಹೆಣ್ಣೋ ಎಂದು ತಿಳಿಯದುದು ಎಂಬುದು ವ್ಯಾಖ್ಯಾನಕಾರರ ವಿವರಣೆ. ತಿಳಿಯದಿರುವಾಗ ಗುರುತರವಾದ ಪಕ್ಷವನ್ನೇ ಗ್ರಹಿಸಬೇಕೆಂಬ ನ್ಯಾಯದಿಂದ ಪ್ರಾಯಶ್ಚಿತ್ತವೂ ಗುರುತರವಾಯಿತು. ಇಂದಿನ ಕನ್ನಡದಲ್ಲಿ ಅದೇ ಪದವು ಹೆಣ್ಣು ಭ್ರೂಣಹತ್ಯೆ ಎಂಬ ಸಮಾಸದಲ್ಲಿ ಮುಖ್ಯವಾಗಿ ಬಳಕೆಯಲ್ಲಿದೆ. ಇಲ್ಲಿ ಗರ್ಭವು ವಿಜ್ಞಾತವಾದುದು. ಯಂತ್ರದಿಂದ ಹೆಣ್ಣೆಂದು ತಿಳಿದುದೇ ಅದರ ನಾಶಕ್ಕೆ ಕಾರಣ. ಹಿಂದೆ ದೋಷದ ಗೌರವವು ಅಜ್ಞಾನದಲ್ಲಿದ್ದಿತು. ಈಗ ಅಪರಾಧದ ಮೂಲವು ಜ್ಞಾನದಲ್ಲಿರುವುದು. ಪದವೊಂದೇ ಆದರೂ ಪದಾರ್ಥವು ಬೇರೆಯಾಯಿತು. ಆದುದರಿಂದಲೇ ಈಗಿನ ಶಾಸನಗಳು ಗರ್ಭಪಾತನವನ್ನೂ ಲಿಂಗನಿರ್ಣಯವನ್ನೂ ಬೇರೆ ಬೇರೆಯಾಗಿ ಇರಿಸಿವೆ.

೨

೧೮೬೦ನೆಯ ಭಾರತೀಯ ದಂಡಸಂಹಿತೆಯು ತಾಯಿಯ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಮಾಡಿದ ಗರ್ಭಪಾತನವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಅಪರಾಧವೆಂದು ಸಾರಿತು. ಸ್ತ್ರೀಯ ಸಮ್ಮತಿಯಿಂದ ಮಾಡಿದವನಿಗೂ, ಸ್ವತಃ ಮಾಡಿಕೊಂಡ ಸ್ತ್ರೀಗೂ ಅದರ ೩೧೨ನೆಯ ಪ್ರಕರಣದಂತೆ ಶಿಕ್ಷೆಯುಂಟಾಗಿದ್ದಿತು. ೨೦೨೪ನೆಯ ಜುಲೈ ೧ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯಸಂಹಿತೆಯು ಬಂದಿದ್ದು, ಇದೇ ವಿಷಯವು ಅದರ ೮೮ರಿಂದ ೯೨ರವರೆಗಿನ ಪ್ರಕರಣಗಳಲ್ಲಿದೆ.

ದಂಡವು ಕಠಿನವಾದರೂ ಗುಪ್ತಚಿಕಿತ್ಸೆಯು ನಿಲ್ಲಲಿಲ್ಲ. ಅದರಿಂದ ಸಾಯುತ್ತಿದ್ದ ಸ್ತ್ರೀಯರ ವಿಷಯವನ್ನು ವಿಚಾರಿಸಲು ೧೯೬೪ರಲ್ಲಿ ಶಾಂತಿಲಾಲ್ ಶಾಹರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, ೧೯೬೬ರಲ್ಲಿ ವರದಿಯನ್ನು ಒಪ್ಪಿಸಿತು. ಅದನ್ನು ಅನುಸರಿಸಿ ೧೯೭೧ರಲ್ಲಿ ವೈದ್ಯಕೀಯ ಗರ್ಭಪಾತ ಶಾಸನವು ಹುಟ್ಟಿ, ೧೯೭೨ನೆಯ ಏಪ್ರಿಲ್ ೧ರಿಂದ ಆಚರಣೆಗೆ ಬಂದಿತು. ಈ ಶಾಸನವು ದಂಡಸಂಹಿತೆಯನ್ನು ತೆಗೆದುಹಾಕಲಿಲ್ಲ. ಅದಕ್ಕೆ ಅಪವಾದವನ್ನು ಕಲ್ಪಿಸಿತು. ಗರ್ಭವು ಮುಂದುವರಿದರೆ ಸ್ತ್ರೀಯ ಪ್ರಾಣಕ್ಕಾಗಲಿ, ದೇಹದ ಅಥವಾ ಮನಸ್ಸಿನ ಆರೋಗ್ಯಕ್ಕಾಗಲಿ ಗುರುತರವಾದ ಹಾನಿಯಿರುವಾಗಲೂ, ಹುಟ್ಟುವ ಶಿಶುವಿಗೆ ತೀವ್ರವಾದ ವೈಕಲ್ಯವು ಸಂಭಾವ್ಯವಾಗಿರುವಾಗಲೂ ಅಧಿಕೃತ ವೈದ್ಯನು ಗರ್ಭವನ್ನು ಕೊನೆಗೊಳಿಸಬಹುದು. ಬಲಾತ್ಕಾರದಿಂದಾದ ಗರ್ಭವೂ, ಗರ್ಭನಿರೋಧೋಪಾಯವು ವಿಫಲವಾಗಿ ಆದ ಗರ್ಭವೂ ಮನಸ್ಸಿನ ಹಾನಿಯಲ್ಲಿಯೇ ಎಣಿಸಲ್ಪಡುತ್ತವೆ. ೨೦೨೧ರ ತಿದ್ದುಪಡಿಯಂತೆ ೨೦ ವಾರಗಳವರೆಗೆ ಒಬ್ಬ ವೈದ್ಯನ ಅಭಿಪ್ರಾಯವೂ, ನಿಯಮಗಳಲ್ಲಿ ಹೇಳಿದ ಕೆಲವು ವರ್ಗದ ಸ್ತ್ರೀಯರಿಗೆ ೨೪ ವಾರಗಳವರೆಗೆ ಇಬ್ಬರ ಅಭಿಪ್ರಾಯವೂ ಬೇಕು. ಅಪ್ರಾಪ್ತವಯಸ್ಕಳೂ, ಗರ್ಭಿಣಿಯಾಗಿರುವಾಗಲೇ ವಿಧವೆಯಾದವಳೂ ಈ ವರ್ಗಗಳಲ್ಲಿ ಸೇರುವರು. ೨೦೨೨ನೆಯ ಸೆಪ್ಟೆಂಬರ್ ೨೯ರಂದು ಸರ್ವೋಚ್ಚ ನ್ಯಾಯಾಲಯವು ವಿವಾಹಿತೆ ಅವಿವಾಹಿತೆ ಎಂಬ ಭೇದವು ಇಲ್ಲಿ ಸಲ್ಲದೆಂದು ತೀರ್ಪಿತ್ತಿತು. ೧೮ ವರ್ಷ ತುಂಬಿದ, ಬುದ್ಧಿಸ್ವಾಸ್ಥ್ಯವುಳ್ಳ ಸ್ತ್ರೀಯ ವಿಷಯದಲ್ಲಿ ಅವಳೊಬ್ಬಳ ಸಮ್ಮತಿಯೇ ಸಾಕು. ಗಂಡನ ಅಥವಾ ಮಾವನ ರುಜುವನ್ನು ಶಾಸನವು ಕೇಳುವುದಿಲ್ಲ.

ಲಿಂಗನಿರ್ಣಯವನ್ನು ನಿಷೇಧಿಸುವ ಶಾಸನವು ಇದಕ್ಕಿಂತ ಬೇರೆಯಾದುದು. ಅದು ೧೯೯೪ರಲ್ಲಿ ಹುಟ್ಟಿ ೧೯೯೬ರಿಂದ ನಡೆಯುತ್ತಿದೆ. ಭ್ರೂಣದ ಲಿಂಗವನ್ನು ಪತ್ತೆಮಾಡುವುದೂ ತಿಳಿಸುವುದೂ ಅಲ್ಲಿಯ ಅಪರಾಧಗಳು. ಸ್ಕ್ಯಾನಿಂಗ್ ಕೇಂದ್ರದಲ್ಲಿ ತೂಗುವ ಫಲಕವು ಈ ಶಾಸನಕ್ಕೆ ಸೇರಿದುದು. ಆ ಫಲಕವನ್ನು ಓದಿ, ಗರ್ಭವನ್ನು ತೆಗೆಸುವುದೇ ಅಪರಾಧವೆಂದು ತಿಳಿಯುವವರು ಎರಡು ಶಾಸನಗಳನ್ನು ಒಂದುಮಾಡಿದಂತಾಗುವುದು. ಭ್ರೂಣಹತ್ಯೆಯೆಂಬ ಶಬ್ದದ ಅವ್ಯಾಪ್ತ್ಯತಿವ್ಯಾಪ್ತಿಗಳಿಂದ ಈ ಭ್ರಾಂತಿಯು ಮತ್ತಷ್ಟು ಬಲಿಯುವುದು.

೩

ಇನ್ನು ಸ್ಥಳದ ವಿಚಾರ. ವೈದ್ಯನು ಶಾಸ್ತ್ರವನ್ನು ಓದಿ, ಕರ್ಮವನ್ನು ಕಂಡು, ತಾನೇ ಮಾಡಿ, ರಾಜನ ಅನುಜ್ಞೆಯನ್ನು ಪಡೆದ ಬಳಿಕವೇ ಚಿಕಿತ್ಸೆಗೆ ಹೊರಡಬೇಕೆಂದು ಸುಶ್ರುತನ ಸೂತ್ರಸ್ಥಾನವು ವಿಧಿಸುವುದು. ಪ್ರಾಣಾಪಾಯವುಳ್ಳ ರೋಗವನ್ನು ತಿಳಿಸದೆ ಚಿಕಿತ್ಸೆ ಮಾಡಿ, ರೋಗಿಯು ಸತ್ತರೆ ವೈದ್ಯನಿಗೆ ದಂಡವುಂಟೆಂದು ಕೌಟಿಲ್ಯನೂ, ಮಿಥ್ಯಾಚಿಕಿತ್ಸೆಗೆ ದಂಡವುಂಟೆಂದು ಯಾಜ್ಞವಲ್ಕ್ಯನೂ ಹೇಳುವರು. ಹೀಗೆ ವೈದ್ಯವೃತ್ತಿಯ ನಿಯಂತ್ರಣವು ನಮ್ಮ ದೇಶಕ್ಕೆ ಹೊಸದಲ್ಲ. ಇಂದಿನ ವಿಶೇಷವೇನೆಂದರೆ ಅನುಜ್ಞೆಯು ಒಂದಲ್ಲ, ಮೂರು. ಖಾಸಗಿ ಆಸ್ಪತ್ರೆಯನ್ನು ನಡೆಸಲು ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಶಾಸನದಂತೆ ನೋಂದಣಿ; ಸ್ಕ್ಯಾನಿಂಗ್ ಯಂತ್ರವಿಡಲು ೧೯೯೪ರ ಶಾಸನದಂತೆ ಮತ್ತೊಂದು ನೋಂದಣಿ; ಗರ್ಭಪಾತನಕ್ಕೆ ೧೯೭೧ರ ಶಾಸನದಂತೆ ಸ್ಥಳಾನುಮತಿ. ಮೊದಲನೆಯದೊಂದನ್ನು ಪಡೆದ ಮಾತ್ರಕ್ಕೆ ಮೂರನೆಯದು ಸಿದ್ಧಿಸುವುದಿಲ್ಲ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಪತ್ರವನ್ನು ಕಂಡು ಎಲ್ಲ ಅನುಮತಿಯೂ ಇದೆಯೆಂದು ನಂಬುವುದು ಜನರ ಸಾಮಾನ್ಯ ಪ್ರಮಾದ.

ಸ್ಥಳಾನುಮತಿಯನ್ನು ಕೊಡುವ ಅಧಿಕಾರವು ೨೦೦೨ರ ತಿದ್ದುಪಡಿಯಿಂದ ಜಿಲ್ಲಾ ಸಮಿತಿಗೆ ಬಂದಿತು. ೨೦೦೩ರ ನಿಯಮಗಳಂತೆ ಪರೀಕ್ಷೆಯ ಮೇಜು, ಉಪಕರಣಗಳನ್ನು ಶುದ್ಧಿಗೊಳಿಸುವ ಸಾಧನ, ಮೂರ್ಛೆಗೆ ಚಿಕಿತ್ಸೆ ಮಾಡುವ ಔಷಧ ಮತ್ತು ದ್ರವಗಳು, ಅವಶ್ಯಬಿದ್ದರೆ ದೊಡ್ಡ ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಇವು ೧೨ ವಾರಗಳೊಳಗಿನ ಚಿಕಿತ್ಸೆಗೂ ಇರಲೇಬೇಕು. ಅನುಮತಿಪತ್ರವನ್ನು ಎಲ್ಲರಿಗೂ ಕಾಣುವಂತೆ ಇರಿಸತಕ್ಕದ್ದು. ರೋಗಿಯ ಹೆಸರುಳ್ಳ ಪುಸ್ತಕವು ಗೋಪ್ಯವಾದುದು. ಗುಟ್ಟನ್ನು ಹೊರಗೆಡಹಿದವನಿಗೆ ೨೦೨೧ರ ತಿದ್ದುಪಡಿಯಂತೆ ಒಂದು ವರ್ಷದವರೆಗೆ ಸೆರೆಯುಂಟು. ಅನುಮತಿಯಿಲ್ಲದ ಸ್ಥಳದಲ್ಲಿ ಮಾಡಿದವನಿಗೂ, ಅಧಿಕಾರವಿಲ್ಲದೆ ಮಾಡಿದವನಿಗೂ ಎರಡರಿಂದ ಏಳು ವರ್ಷಗಳ ಕಠಿನ ಸಜೆಯುಂಟು.

ಈ ನಿಯಮಗಳು ನೆಲದ ಮೇಲೆ ಹೇಗೆ ನಿಲ್ಲುವುವೆಂಬುದಕ್ಕೆ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ದೃಷ್ಟಾಂತವಾಗಿ ನೋಡಬಹುದು. ಚನ್ನಗಿರಿಯೂ ಹೊನ್ನಾಳಿಯೂ ಮೊದಲು ಶಿವಮೊಗ್ಗ ಜಿಲ್ಲೆಗೆ, ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುವು. ೧೯೯೭ರಲ್ಲಿ ದಾವಣಗೆರೆಯು ಜಿಲ್ಲೆಯಾದಾಗ ಇವು ಅದರಲ್ಲಿ ಕೂಡಿದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾಯಿತು. ಜಿಲ್ಲಾ ಸಮಿತಿಯೂ, ಚಿಗಟೇರಿ ಜಿಲ್ಲಾಸ್ಪತ್ರೆಯೂ, ೧೯೬೫ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜೂ ದಾವಣಗೆರೆ ನಗರದಲ್ಲಿವೆ. ನ್ಯಾಮತಿಯ ಸ್ತ್ರೀಗಾದರೋ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಮಳೆಯನ್ನೇ ನಂಬಿ ಬದುಕುವ ಜಗಳೂರಿನ ಒಣನೆಲದ ಕೂಲಿಯ ಹೆಂಗಸಿಗೆ ದಾವಣಗೆರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿಯು ಹೋಯಿತೆಂದೇ ಅರ್ಥ. ಎರಡನೆಯ ಬಾರಿ ಬರಹೇಳಿದರೆ ಎರಡು ದಿನದ ಕೂಲಿಯು ಹೋಗುವುದು. ಜೊತೆಗೆ ಎಲ್ಲಿಗೆ ಹೋಗಿದ್ದೆಯೆಂದು ಮನೆಯವರೂ ನೆರೆಯವರೂ ಕೇಳುವ ಪ್ರಶ್ನೆಗೆ ಉತ್ತರ ಹೇಳಬೇಕಾಗುವುದು. ಶಾಸನವು ವಾರಗಳನ್ನು ಎಣಿಸುವುದು. ಇಂತಹ ವಿಘ್ನಗಳು ಆ ವಾರಗಳನ್ನು ತಿನ್ನುವುವು.

೪

ಈ ವಿಷಯದಲ್ಲಿ ನಡೆಯುತ್ತಿರುವ ವಾದದಲ್ಲಿ ಎರಡು ಪಕ್ಷಗಳಿವೆ. ನಿಯಂತ್ರಣವು ಇನ್ನೂ ಬಿಗಿಯಾಗಬೇಕೆಂಬವರಿಗೆ ಮಂಡ್ಯದ ಪ್ರಕರಣವು ಪ್ರಬಲವಾದ ಆಧಾರ. ೨೦೨೩ರಲ್ಲಿ ಬೆಂಗಳೂರಿನ ಪೋಲೀಸರು, ಆ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಭ್ರೂಣಲಿಂಗವನ್ನು ತಿಳಿಸಿ ಹೆಣ್ಣಾದರೆ ಗರ್ಭವನ್ನು ತೆಗೆಯಿಸುತ್ತಿದ್ದರೆಂಬ ಆರೋಪದ ಮೇಲೆ ಜಾಲವೊಂದನ್ನು ಹಿಡಿದರು. ಬೆಲ್ಲವನ್ನು ಅಡುವ ಮನೆಯಲ್ಲಿಯೇ ಇದು ನಡೆಯಬಹುದಾದರೆ ನಿಯಮವು ಎಷ್ಟು ಬಿಗಿಯಾದರೂ ಕಡಮೆಯೇ ಎಂದು ಅವರ ವಾದ. ಎರಡನೆಯ ಪಕ್ಷದವರು ೨೦೧೫ರ ಲೆಕ್ಕವನ್ನು ಮುಂದಿಡುವರು. ಆ ವರ್ಷ ಭಾರತದಲ್ಲಿ ಸುಮಾರು ೧ ಕೋಟಿ ೫೬ ಲಕ್ಷ ಗರ್ಭಪಾತನಗಳಾದುವೆಂದೂ, ನೂರಕ್ಕೆ ೨೨ ಮಾತ್ರ ಆಸ್ಪತ್ರೆಗಳಲ್ಲಿಯೂ ೭೩ ಆಸ್ಪತ್ರೆಯ ಹೊರಗೆ ಗುಳಿಗೆಗಳಿಂದಲೂ ಆದುವೆಂದೂ ವಿದ್ವಾಂಸರ ಸಮೀಕ್ಷೆಯೊಂದು ಅಂದಾಜು ಮಾಡಿತು. ಬಾಗಿಲು ದೂರವಾದಷ್ಟೂ, ಕಾಗದಪತ್ರಗಳು ಹೆಚ್ಚಾದಷ್ಟೂ ಜನರು ಹೊರಗಿನ ದಾರಿಯನ್ನೇ ಹಿಡಿಯುವರೆಂದು ಇವರ ವಾದ.

ಗುಳಿಗೆಯೇ ವಿಷವಲ್ಲ. ೨೦೦೨ರಿಂದ ಭಾರತದಲ್ಲಿ ಅಂಗೀಕೃತವಾಗಿರುವ ಮಿಫೆಪ್ರಿಸ್ಟೋನ್, ಅದರೊಡನೆ ಕೊಡುವ ಮಿಸೊಪ್ರೊಸ್ಟಾಲ್ ಇವುಗಳನ್ನು ಒಂಬತ್ತು ವಾರಗಳವರೆಗೆ ಅಧಿಕೃತ ವೈದ್ಯನು ತನ್ನ ವೈದ್ಯಾಲಯದಲ್ಲಿಯೇ ಕೊಡಬಹುದೆಂದು ೨೦೨೧ರ ನಿಯಮವಿದೆ. ಅಪಾಯವಿರುವುದು ಪರೀಕ್ಷೆಯಿಲ್ಲದೆ ನುಂಗುವುದರಲ್ಲಿ. ಗರ್ಭವು ಗರ್ಭಾಶಯದಲ್ಲಿ ನಿಲ್ಲದೆ ನಾಳದಲ್ಲಿ ನಿಂತಿದ್ದರೆ ಈ ಔಷಧವು ಕೆಲಸ ಮಾಡುವುದಿಲ್ಲ. ನಾಳವು ಒಡೆದು ಪ್ರಾಣಕ್ಕೇ ಕುತ್ತು ಬರುವುದು. ತಿಂಗಳ ಎಣಿಕೆಯು ತಪ್ಪಿದ್ದರೆ ರಕ್ತಸ್ರಾವವು ಹೆಚ್ಚುವುದು. ಮೊದಲೇ ರಕ್ತಹೀನಳಾದವಳಿಗೆ ಅದು ಸಹಿಸಲಾಗದು. ಸ್ರಾವವು ನಿಲ್ಲದಿರುವಾಗ ಬೇಗನೆ ಹೋಗಬಹುದಾದ ಸ್ಥಳವು ಬೇಕು. ಅಲ್ಲಿ ಬೈಯದೆ ಒಳಗೆ ಸೇರಿಸಿಕೊಳ್ಳುವವರೂ ಬೇಕು. ಆದುದರಿಂದ ಎರಡು ಪಕ್ಷಗಳೂ ಒಂದೇ ಬಿಂದುವಿನಲ್ಲಿ ಕೂಡುವುವು. ಕೆಟ್ಟ ಬಾಗಿಲನ್ನು ಮುಚ್ಚುವ ನಿಯಮವು ಒಳ್ಳೆಯ ಬಾಗಿಲನ್ನು ಹತ್ತಿರದಲ್ಲಿ ತೆರೆದಿಟ್ಟರೆ ಮಾತ್ರ ರಕ್ಷಣೆಯಾಗುವುದು. ತೆರೆಯದಿದ್ದರೆ ಅದು ಬರಿಯ ದಂಡವಾಗಿ ನಿಲ್ಲುವುದು.

೫

ಶಾಸನದ ಮಾತು ಅಸ್ಪಷ್ಟವಾದರೆ ನುರಿತ ವೈದ್ಯರಿರುವ ದೊಡ್ಡ ಆಸ್ಪತ್ರೆಯಲ್ಲಿಯೂ ಪ್ರಾಣವು ಹೋಗಬಹುದೆಂಬುದಕ್ಕೆ ಕನ್ನಡನಾಡಿನ ಮಗಳೊಬ್ಬಳ ಮರಣವೇ ಸಾಕ್ಷಿಯಾಗಿದೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೆ ನಗರದಲ್ಲಿ ೨೦೧೨ನೆಯ ಅಕ್ಟೋಬರ್ ೨೮ರಂದು ತೀರಿಕೊಂಡಳು. ಹದಿನೇಳನೆಯ ವಾರದಲ್ಲಿ ಅವಳ ಗರ್ಭವು ನಿಲ್ಲುವಂತಿಲ್ಲವೆಂದು ವೈದ್ಯರು ಕಂಡುಕೊಂಡಿದ್ದರು. ಕೊನೆಗೊಳಿಸಿರೆಂದು ಅವಳು ಬೇಡಿದಳು. ಭ್ರೂಣದ ಹೃದಯವು ಇನ್ನೂ ಮಿಡಿಯುತ್ತಿದ್ದುದರಿಂದ ಕೈಯಿಕ್ಕಲಿಲ್ಲ. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಏರಿತು. ಅವಳ ಸ್ಥಿತಿಯನ್ನು ತಕ್ಕಂತೆ ಗಮನಿಸಲಿಲ್ಲವೆಂದೂ, ಶಾಸನದ ಭಯದಿಂದ ಕಾದುದು ಹೆಚ್ಚಾಯಿತೆಂದೂ ೨೦೧೩ರ ವಿಚಾರಣೆಯಲ್ಲಿ ಕಂಡುಬಂದಿತು. ಅಲ್ಲಿ ಸಂಭವಿಸಿದ್ದುದು ಸ್ರಾವ. ಶಾಸನವು ಕಂಡುದು ಹತ್ಯೆ. ೨೦೧೮ನೆಯ ಮೇ ೨೫ರಂದು ಐರ್ಲೆಂಡಿನ ಜನರು ಮತವಿತ್ತು, ೧೯೮೩ರಿಂದ ಇದ್ದ ಆ ಸಂವಿಧಾನವಿಧಿಯನ್ನು ತೆಗೆದುಹಾಕಿದರು.

ಭಾರತದ ೧೯೭೧ರ ಶಾಸನದ ೫ನೆಯ ಪ್ರಕರಣವು ಈ ಸಂಕಟವನ್ನು ಮೊದಲೇ ಪರಿಹರಿಸಿದೆ. ತಾಯಿಯ ಪ್ರಾಣವನ್ನು ಉಳಿಸಲು ತತ್‌ಕ್ಷಣವೇ ಅವಶ್ಯವಾದಾಗ ವಾರಗಳ ಮಿತಿಯಾಗಲಿ, ಸ್ಥಳದ ಅನುಮತಿಯಾಗಲಿ, ಎರಡನೆಯ ವೈದ್ಯನ ಅಭಿಪ್ರಾಯವಾಗಲಿ ಅಡ್ಡಿಯಾಗದು. ಮೂಢಗರ್ಭಚಿಕಿತ್ಸೆಯಲ್ಲಿ ಸುಶ್ರುತನು ಸಚೇತನವಾದ ಗರ್ಭವನ್ನು ಶಸ್ತ್ರದಿಂದ ಸೀಳಬಾರದೆಂದು ನಿಷೇಧಿಸಿ, ಮೃತಗರ್ಭವನ್ನು ಮುಹೂರ್ತಮಾತ್ರವೂ ಉಪೇಕ್ಷಿಸಬಾರದೆಂದು ವಿಧಿಸುವನು. ನಿಷೇಧಕ್ಕೆ ಅವನು ಕೊಡುವ ಕಾರಣವೂ ತಾಯಿಯ ಪ್ರಾಣಹಾನಿಯನ್ನು ಒಳಗೊಂಡಿರುವುದು. ಹೀಗೆ ವಿಧಿ ನಿಷೇಧಗಳೆರಡರಲ್ಲಿಯೂ ಸ್ತ್ರೀಯ ರಕ್ಷಣೆಯು ದೃಷ್ಟಿಯಲ್ಲಿದ್ದಿತು.

ಇಷ್ಟರಿಂದ ಪ್ರಯೋಗದಲ್ಲಿ ಅನುಸರಿಸಬೇಕಾದ ಕ್ರಮವು ಸ್ಪಷ್ಟಪಡುವುದು. ತಾನಾಗಿ ಆದುದನ್ನು ಗರ್ಭಸ್ರಾವವೆಂದೂ, ಶಾಸನದಂತೆ ವೈದ್ಯನು ಮಾಡುವುದನ್ನು ವೈದ್ಯಕೀಯ ಗರ್ಭಪಾತವೆಂದೂ, ಹೆಣ್ಣೆಂದು ತಿಳಿದು ಮಾಡುವುದನ್ನು ಮಾತ್ರ ಹೆಣ್ಣು ಭ್ರೂಣಹತ್ಯೆಯೆಂದೂ ಹೇಳತಕ್ಕದ್ದು. ಪಾಠಶಾಲೆಯಲ್ಲಿ ಪತ್ರಿಕೆಯ ವಾರ್ತೆಯನ್ನು ಓದಿಸುವ ಉಪಾಧ್ಯಾಯರು ಈ ಮೂರನ್ನು ಬಿಡಿಸಿ ಹೇಳಿದರೆ, ಜಗಳೂರಿನಲ್ಲಿಯೋ ನ್ಯಾಮತಿಯಲ್ಲಿಯೋ ಅದನ್ನು ಕೇಳಿದ ಹುಡುಗಿಯು ಮುಂದೆ ತನ್ನ ಅಕ್ಕನಿಗೋ ನೆರೆಯವಳಿಗೋ ಯಾವ ಬಾಗಿಲಿಗೆ ಹೋಗಬೇಕೆಂಬುದನ್ನು ಅಂಜದೆ ಹೇಳಬಲ್ಲಳು.