14ನೇ ದಿನ ಎಲ್ಲರಿಗೂ ಒಂದೇ ಅಲ್ಲ

ನಾನು ಓದಿದ್ದು ಬಿಕಾಂ, ಡಾಕ್ಟರ್ ಅಲ್ಲ. ಆದ್ರೆ ಇವತ್ತಿನದು ಲೆಕ್ಕದ ವಿಷಯ.

ನಮ್ಮ ಮಧುಗಿರಿ, ಶಿರಾ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು ಈಗಲೂ ಹಟ್ಟಿ ಹೊರಗೇ ಇರಬೇಕು. ಯಾರು ಯಾವತ್ತು ಹೊರಗಾದರು ಅನ್ನೋದು ಊರಿಗೇ ಗೊತ್ತು. ಅಂಡಾಣು ಬಿಡುಗಡೆ ಆಗೋ ದಿನ ಮಾತ್ರ ಆಕೆಗೇ ಗೊತ್ತಿರಲ್ಲ.

ವಳ್ಳೂರಿನಲ್ಲಿರೋ ನಮ್ಮ ದೊಡ್ಡಪ್ಪನ ಮಗಳು ಒಂದೂವರೆ ವರ್ಷ 14ನೇ ದಿನವನ್ನೇ ನಂಬಿಕೊಂಡಿದ್ದಳು. ಮಗು ಆಗಲಿಲ್ಲ. ಮಾತು ಕೇಳಿಸಿಕೊಂಡವಳೂ ಅವಳೊಬ್ಬಳೇ. ಅಕ್ಕನ ಸೈಕಲ್ 35 ದಿನದ್ದು! ಲೆಕ್ಕ ಹಿಂದಿನಿಂದ ಹಾಕ್ಬೇಕು: ಅಂಡೋತ್ಪತ್ತಿ ಆಗೋದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನದವರಿಗೆ ಅದು 14ನೇ ದಿನ, ಅಕ್ಕನಿಗೆ 21ರ ಆಸುಪಾಸು.

ಅಂಡಾಣು ಬದುಕೋದು 12ರಿಂದ 24 ಗಂಟೆ. ವೀರ್ಯಾಣು ಒಳಗೆ 5 ದಿನದವರೆಗೂ ಉಳಿಯಬಹುದು. ಹಾಗಾಗಿ ಗರ್ಭ ನಿಲ್ಲೋ ಸಾಧ್ಯತೆ ಇರೋದು ಅಂಡೋತ್ಪತ್ತಿಯ ದಿನ ಮತ್ತು ಅದಕ್ಕೂ ಹಿಂದಿನ 5 ದಿನ. ಆಗ ಸ್ರಾವ ಹಸಿ ಮೊಟ್ಟೆಯ ಬಿಳಿ ಲೋಳೆ ಥರ ತೆಳ್ಳಗೆ, ಎಳೆ ಎಳೆಯಾಗಿ ಬರುತ್ತೆ. ಅದು ಕಾಯಿಲೆ ಅಲ್ಲ.

ಮಗು ಸದ್ಯಕ್ಕೆ ಬೇಡ ಅನ್ನೋರು ಈ ಲೆಕ್ಕ ಒಂದನ್ನೇ ನಂಬಬೇಡಿ. ಮುಂದಿನ ಮುಟ್ಟಿನ ದಿನವೇ ಅಂದಾಜು, ಆ್ಯಪ್ ತೋರಿಸೋದೂ ಅಂದಾಜೇ. ಕಾಂಡೋಮ್, ಅಂತರಾ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೇಲಿ ಉಚಿತ, ಆಶಾ ಕಾರ್ಯಕರ್ತೆಯನ್ನ ಕೇಳಿ.

ಒಂದು ವರ್ಷ ಪ್ರಯತ್ನಿಸಿದರೂ ಆಗಿಲ್ಲ ಅಂದ್ರೆ, 35 ದಾಟಿದ ಹೆಂಗಸರಾದ್ರೆ 6 ತಿಂಗಳಿಗೇ, ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಬೇಕು. ನಮ್ಮ ಭಾವ ಮೊನ್ನೆ ಕೊನೆಗೂ ಹೋಗಿ ಬಂದ್ರು. ರಿಪೋರ್ಟ್ ಸೋಮವಾರ ಬರುತ್ತೆ.