ಬಿಸಿಲೆ ಸೀಮೆಯಲ್ಲಿ ಹುಲ್ಲಿಗೂ ಬೆಲೆ: ಕೊಂಡು ಮೇಯಿಸುವವರ ಲೆಕ್ಕವೇನು?

ಸಕಲೇಶಪುರ: ವರ್ಷದ ಬಹುಪಾಲು ಹಸಿರಾಗಿಯೇ ಕಾಣುವ ಬಿಸಿಲೆ ಸೀಮೆಯಲ್ಲಿ ಜಾನುವಾರುಗಳಿಗೆ ಹುಲ್ಲಿನ ಕೊರತೆ ಎಂದರೆ ಹೊರಗಿನವರು ನಂಬುವುದು ಕಷ್ಟ. ಕಣ್ಣಿಗೆ ಕಾಣುವ ಹಸಿರೆಲ್ಲ ಮೇವಲ್ಲ. ಅದರಲ್ಲಿ ಬಹುಭಾಗ ಮೀಸಲು ಅರಣ್ಯ, ಉಳಿದದ್ದು ಕಾಫಿ ಮತ್ತು ಏಲಕ್ಕಿ ತೋಟ. ಹೆತ್ತೂರು, ವನಗೂರು, ಯಸಳೂರು ಸುತ್ತಿನ ಕೊಟ್ಟಿಗೆಗಳನ್ನು ತಲೆಮಾರುಗಳಿಂದ ಸಾಕಿದ್ದು ಕಾಡಿನ ಸೊಪ್ಪಿಗಿಂತ ಹೆಚ್ಚಾಗಿ ಗದ್ದೆಯ ಭತ್ತದ ಹುಲ್ಲು. ಗದ್ದೆಗಳು ಪಾಳು ಬೀಳುತ್ತಿದ್ದಂತೆ, ಒಂದು ಕಾಲಕ್ಕೆ ಕಾಸಿಲ್ಲದೆ ಮನೆಯಂಗಳಕ್ಕೆ ಬರುತ್ತಿದ್ದ ಹುಲ್ಲು ಈಗ ಹಣ ಕೊಟ್ಟು ತರಿಸುವ ಸರಕಾಗಿದೆ.

ಎಕರೆಗೊಂದು ಹಸು

ಹುಲ್ಲು ಭತ್ತದ ಜೊತೆಯಲ್ಲೇ ಬರುವ ಬೆಳೆ. ಒಂದು ಟನ್ ಭತ್ತ ಬೆಳೆದರೆ ಹೆಚ್ಚು ಕಡಿಮೆ 1ರಿಂದ 1.5 ಟನ್ ಹುಲ್ಲು ದೊರೆಯುತ್ತದೆ. ಎಕರೆಗೆ 15-18 ಕ್ವಿಂಟಲ್ ಭತ್ತ ಬೆಳೆಯುವ ಗದ್ದೆಯಿಂದ ಸುಮಾರು 2 ಟನ್ ಹುಲ್ಲು ಸಿಗುತ್ತದೆ ಎಂದಾಯಿತು.

ಇನ್ನು ಹಸುವಿನ ಹೊಟ್ಟೆಯ ಲೆಕ್ಕ. 400 ಕೆ.ಜಿ. ತೂಗುವ ಮಿಶ್ರತಳಿ ಹಸುವಿಗೆ ದಿನಕ್ಕೆ ತನ್ನ ತೂಕದ ಶೇ 2.5ರಿಂದ 3ರಷ್ಟು, ಅಂದರೆ 10ರಿಂದ 12 ಕೆ.ಜಿ. ಒಣ ಪದಾರ್ಥ ಬೇಕು. ಹಸಿರು ಮೇವು, ಹಿಂಡಿ, ಬೂಸಾಗಳನ್ನು ಬಿಟ್ಟು ಅರ್ಧದಷ್ಟನ್ನು ಒಣಹುಲ್ಲಿನಿಂದ ತುಂಬಿಸಿದರೂ ದಿನಕ್ಕೆ ಸುಮಾರು 6 ಕೆ.ಜಿ., ವರ್ಷಕ್ಕೆ 2,190 ಕೆ.ಜಿ. ಹುಲ್ಲು ಬೇಕಾಗುತ್ತದೆ. ಎರಡೂ ಲೆಕ್ಕಗಳನ್ನು ಜೊತೆಗಿಟ್ಟು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಒಂದು ಎಕರೆ ಗದ್ದೆ ಬೀಳು ಬಿದ್ದರೆ ಒಂದು ಹಸುವಿನ ವರ್ಷದ ಒಣಮೇವು ಕೈಬಿಟ್ಟಂತೆ.

ಗದ್ದೆ ಬಿಟ್ಟದ್ದೇಕೆ?

ಕಾರಣಗಳು ಹಲವು. ಕೂಲಿಯಾಳುಗಳ ಅಭಾವ ಮತ್ತು ಭತ್ತಕ್ಕೆ ಸಿಗುವ ಬೆಲೆ ರಾಜ್ಯದೆಲ್ಲೆಡೆ ಇರುವ ಸಮಸ್ಯೆ. ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳಲ್ಲಿ ಅದರ ಜೊತೆಗೆ ಕಾಡಾನೆಗಳ ಹಾವಳಿ ಸೇರಿಕೊಂಡಿದೆ. ಹೈಕೋರ್ಟ್ ನಿರ್ದೇಶನದಂತೆ ರಚನೆಯಾಗಿದ್ದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಸಲ್ಲಿಸಿ, ಆಲೂರು ಭಾಗದ ಆನೆಗಳನ್ನು ಹಿಡಿದು ಸ್ಥಳಾಂತರಿಸಲು ಶಿಫಾರಸು ಮಾಡಿತ್ತು. 2014ರಲ್ಲಿ 22 ಆನೆಗಳನ್ನು ಸೆರೆ ಹಿಡಿಯಲಾಯಿತಾದರೂ ಸಮಸ್ಯೆ ಮುಗಿಯಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಆನೆ ಪ್ರಾಣ ಕಳೆದುಕೊಂಡಿದ್ದು ಇದೇ ಸೀಮೆಯಲ್ಲಿ.

ಭತ್ತ ತೆನೆ ತುಂಬುವ ಹೊತ್ತಿಗೆ ಆನೆಗಳು ಗದ್ದೆಗಿಳಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಕಾಳು ಹೋದ ಮೇಲೆ ಕೆಸರಿನಲ್ಲಿ ಹೂತ ಹುಲ್ಲೂ ಕೆಲಸಕ್ಕೆ ಬಾರದು. ಹೀಗಾಗಿ ಕೆಲವು ಗದ್ದೆಗಳು ಪಾಳು ಬಿದ್ದರೆ, ಕೆಲವು ಶುಂಠಿ, ಅಡಿಕೆ, ಕಾಫಿಗೆ ಮಾರ್ಪಟ್ಟಿವೆ.

ಭತ್ತ ಬೆಳೆಯುವವರಿಗೂ ಮೊದಲಿನಂತೆ ಹುಲ್ಲು ದೊರೆಯುತ್ತಿಲ್ಲ. ಕುಡುಗೋಲಿನಿಂದ ಕೊಯ್ದು ಕಣದಲ್ಲಿ ಒಕ್ಕಿದರೆ ಉದ್ದನೆಯ ಹುಲ್ಲು ಕಂತೆಯಾಗಿ ಮೆದೆ ಸೇರುತ್ತದೆ. ಕಟಾವು ಯಂತ್ರ ಕೊಯ್ದ ಹುಲ್ಲು ಮುರಿದು ಗದ್ದೆಯಲ್ಲೇ ಹರಡಿಕೊಳ್ಳುತ್ತದೆ. ಅದನ್ನು ಒಟ್ಟುಗೂಡಿಸಲು ಪೆಂಡಿ ಕಟ್ಟುವ ಇನ್ನೊಂದು ಯಂತ್ರಕ್ಕೆ ಬಾಡಿಗೆ ತೆರಬೇಕು.

ಲಾರಿ ಹೊರುವುದು ಗಾಳಿಯನ್ನು

ಹಾಸನ ಜಿಲ್ಲೆಯಲ್ಲಿ ಹುಲ್ಲು ಸಿಗುವ ನಾಲೆ ಬಯಲೆಂದರೆ ಅರಕಲಗೂಡು, ಹೊಳೆನರಸೀಪುರ. ಅದರಾಚೆ ಮೈಸೂರು ಜಿಲ್ಲೆಯ ಕೆ.ಆರ್. ನಗರ. ಅಲ್ಲಿಂದ ಘಟ್ಟದಂಚಿನ ಊರುಗಳಿಗೆ ತರಿಸುವಾಗ ಬೆಲೆ ಏರುವುದು ಸಾಗಣೆಯಲ್ಲಿ. ಹುಲ್ಲು ಹಗುರವಾದರೂ ಜಾಗ ತಿನ್ನುವ ಸರಕು. ಲಾರಿಯ ಹೊರುವ ಶಕ್ತಿ ಮುಗಿಯುವ ಮೊದಲೇ ಅದರ ಜಾಗ ತುಂಬಿಬಿಡುತ್ತದೆ.

ಉದಾಹರಣೆಗೆ, ಲಾರಿ ಬಾಡಿಗೆ 6,000 ರೂ. ಎಂದಿಟ್ಟುಕೊಳ್ಳೋಣ. ಬಿಡಿ ಹುಲ್ಲು 2 ಟನ್ ಮಾತ್ರ ಹಿಡಿಸಿದರೆ ಕೆ.ಜಿ.ಗೆ 3 ರೂ. ಸಾಗಣೆ ವೆಚ್ಚ ಬೀಳುತ್ತದೆ. ಅದೇ ಲಾರಿಯಲ್ಲಿ ಒತ್ತಿ ಕಟ್ಟಿದ ಪೆಂಡಿ 4 ಟನ್ ಹಿಡಿಸಿದರೆ ವೆಚ್ಚ 1.50 ರೂ.ಗೆ ಇಳಿಯುತ್ತದೆ. ಗದ್ದೆಯ ಬದುವಿನಲ್ಲಿ 5 ರೂ.ಗೆ ಕೊಂಡ ಬಿಡಿ ಹುಲ್ಲು ಕೊಟ್ಟಿಗೆಯ ಬಾಗಿಲಿಗೆ ಬರುವಾಗ 8 ರೂ. ಆಗಿರುತ್ತದೆ.

ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡುವಿಲ್ಲದೆ ಮಳೆ ಸುರಿಯುವ ಈ ಭಾಗದಲ್ಲಿ ಮೆದೆಯ ಅಡಿ ಮತ್ತು ಹೊರಮೈ ನೆನೆದು ಬೂಷ್ಟು ಹಿಡಿಯುತ್ತದೆ. ಕೊಂಡ ಹುಲ್ಲಿನಲ್ಲಿ ಐದರಲ್ಲೊಂದು ಪಾಲು ಹಾಳಾದರೆ, 8 ರೂ.ಗೆ ತಂದ ಹುಲ್ಲಿನ ನಿಜವಾದ ಬೆಲೆ 10 ರೂ. ಆಗುತ್ತದೆ. ದಿನಕ್ಕೆ 6 ಕೆ.ಜಿ. ತಿನ್ನುವ ಹಸುವಿಗೆ ವರ್ಷಕ್ಕೆ 21,900 ರೂ. ಒಣಹುಲ್ಲಿಗೇ ಬೇಕು. ಹಸು ವರ್ಷವಿಡೀ ಹಾಲು ಕೊಡುವುದಿಲ್ಲ. ಮೇವು ಮಾತ್ರ ವರ್ಷವಿಡೀ ಬೇಕು.

2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರವನ್ನು ಲೀಟರಿಗೆ 4 ರೂ. ಏರಿಸಿದಾಗ, ಆ ಹೆಚ್ಚಳ ಉತ್ಪಾದಕರಿಗೆ ಸಲ್ಲುತ್ತದೆಂದು ಪ್ರಕಟಿಸಲಾಗಿತ್ತು. ದಿನಕ್ಕೆ 6 ಲೀಟರ್ ಹಾಲು ಹಾಕುವ ಮನೆಗೆ ಇದರಿಂದ ಬರುವುದು 24 ರೂ. ಬೂಷ್ಟು ಹಿಡಿದು ಹೋಗುವ ಹುಲ್ಲಿನ ನಷ್ಟವೇ, ಮೇಲಿನ ಲೆಕ್ಕದಂತೆ, ದಿನಕ್ಕೆ 12 ರೂ. ಹೆಚ್ಚಿಸಿದ ದರದ ಅರ್ಧ ಭಾಗ ಮೆದೆಯಲ್ಲೇ ಕೊಳೆತಂತಾಯಿತು.

ಕುದುರೆಗೆ ಇದು ಸಾಲದು

ಕುದುರೆ ಸಾಕುವವರ ಹೊರೆ ಇನ್ನೂ ಹೆಚ್ಚು. ಹಸುವಿನಂತೆ ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಸಿಲಿಕಾ ಹೆಚ್ಚಿರುವ, ಪ್ರೋಟೀನ್ ಶೇ 3-4ರಷ್ಟೇ ಇರುವ ಭತ್ತದ ಹುಲ್ಲನ್ನೇ ನಂಬಿ ಅದನ್ನು ಸಾಕಲಾಗದು. ಹೂ ಬಿಡುವ ಹೊತ್ತಿಗೆ ಕೊಯ್ದು ಒಣಗಿಸಿದ ಮೃದುವಾದ ಹುಲ್ಲು ಬೇಕು. ಕುದುರೆಗೆ ವಾಂತಿ ಮಾಡಿಕೊಳ್ಳಲು ಆಗದ ಕಾರಣ ಬೂಷ್ಟು ಹಿಡಿದ ಮೇವು ಹೊಟ್ಟೆಶೂಲೆ ತಂದು ಪ್ರಾಣಕ್ಕೇ ಎರವಾಗಬಹುದು. 450 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ 7ರಿಂದ 9 ಕೆ.ಜಿ. ಒಣಮೇವು ಬೇಕು. ಬಿಸಿಲೆಯಂತಹ ಮಳೆನಾಡಿನಲ್ಲಿ ಹುಲ್ಲು ಕೊಯ್ದು ಒಣಗಿಸಲು ಬಿಸಿಲೇ ಸಿಗದಿರುವುದರಿಂದ ಅದನ್ನೂ ಹೊರಗಿನಿಂದಲೇ ತರಿಸಬೇಕು.

ವೆಚ್ಚ ತಗ್ಗಿಸುವ ದಾರಿಗಳು

ಡಿಸೆಂಬರ್-ಜನವರಿಯ ಕೊಯ್ಲಿನ ಕಾಲದಲ್ಲಿ ಹುಲ್ಲು ಹೇರಳವಾಗಿ ಸಿಗುವಾಗಲೇ ಕೊಳ್ಳುವುದು ಮೊದಲ ಹೆಜ್ಜೆ. ಹೊರೆ, ಪೆಂಡಿಗಳ ಎಣಿಕೆಯಲ್ಲಿ ಕೊಳ್ಳದೆ ತೂಕದ ಮೇಲೆ ಕೊಂಡರೆ ಮೋಸಕ್ಕೆ ಎಡೆಯಿಲ್ಲ. ನಾಲ್ಕಾರು ಮನೆಯವರು ಅಥವಾ ಊರಿನ ಹಾಲು ಉತ್ಪಾದಕರ ಸಂಘದವರು ಸೇರಿ ಲಾರಿಗಟ್ಟಲೆ ಪೆಂಡಿ ತರಿಸಿದರೆ ಸಾಗಣೆ ವೆಚ್ಚ ಹಂಚಿಹೋಗುತ್ತದೆ.

ಮೆದೆಯನ್ನು ನೆಲಕ್ಕೆ ತಾಗದಂತೆ ಕಲ್ಲು, ಮರದ ಅಟ್ಟಣೆಯ ಮೇಲೆ ಒಟ್ಟಿ, ಗಾಳಿಯಾಡುವಂತೆ ಮಾಡು ಹಾಕುವುದು ಅಗತ್ಯ. ತೇವಾಂಶ ಶೇ 15ಕ್ಕಿಂತ ಕಡಿಮೆ ಇದ್ದರೆ ಹುಲ್ಲು ಬಾಳುತ್ತದೆ. ಕತ್ತರಿಸಿ ಹಾಕಿದರೆ ಹಸು ಬಿಟ್ಟು ತುಳಿಯುವುದು ತಪ್ಪುತ್ತದೆ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ನೀರಿನಲ್ಲಿ ಪೂರ್ಣ ಕರಗಿಸಿ ಸಿಂಪಡಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಟ್ಟರೆ ಹುಲ್ಲಿನ ಸತ್ವ ಹೆಚ್ಚುತ್ತದೆ. ಪಶುವೈದ್ಯರ ಸಲಹೆ ಪಡೆದೇ ಇದನ್ನು ಮಾಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಮತ್ತು ಕುದುರೆಗಳಿಗೆ ಕೊಡಬಾರದು.

ಇವೆಲ್ಲ ಖರ್ಚನ್ನು ತಗ್ಗಿಸಬಲ್ಲವೇ ಹೊರತು ಬಿಟ್ಟ ಗದ್ದೆಗೆ ಬದಲಾಗಲಾರವು. ಹಸು ಮಾರಿದ ಮನೆಯಲ್ಲಿ ಹಾಲಿನ ಜೊತೆಗೆ ಕೊಟ್ಟಿಗೆ ಗೊಬ್ಬರವೂ ನಿಲ್ಲುತ್ತದೆ. ಕಾಫಿ, ಮೆಣಸಿನ ಗಿಡಗಳಿಗೆ ಗೊಬ್ಬರವನ್ನೂ ಕೊಳ್ಳಬೇಕಾಗುತ್ತದೆ. ಆನೆ ಹಾವಳಿಯ ನಷ್ಟವನ್ನು ಅಂದಾಜು ಮಾಡುವಾಗ ಕಳೆದುಹೋದ ಭತ್ತದ ಮೂಟೆಗಳ ಜೊತೆಗೆ ಖಾಲಿಯಾದ ಕೊಟ್ಟಿಗೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಈ ಭಾಗದ ಸಣ್ಣ ಹಿಡುವಳಿದಾರರ ಪೂರ್ಣ ಸ್ಥಿತಿ ತಿಳಿದೀತು.